ಸಮಾನರ ಸಂಘದೊಳಗೆ ಮೇಲು–ಕೀಳು: ಭದ್ರಾ ಅಚ್ಚುಕಟ್ಟಿನ ಹೊಣೆಗಾರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಭದ್ರಾ ನೀರಾವರಿ ಸಲಹಾ ಸಮಿತಿ;
ಆಡಳಿತಾಧಿಕಾರಿಗಳು, ಭದ್ರಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ;
ದಾವಣಗೆರೆ ಜಿಲ್ಲೆಯ ನೀರು ಬಳಕೆದಾರರ ಸಹಕಾರ ಸಂಘಗಳ ನಿರ್ದೇಶಕರು ಮತ್ತು ಸದಸ್ಯ ರೈತ ಬಾಂಧವರು.

ಮಾನ್ಯರೇ,

ಹೆಚ್ಚು ನೀರು ಬಿಡಿ ಎಂಬ ಬೇಡಿಕೆ ಈ ಪತ್ರದಲ್ಲಿಲ್ಲ. ಆ ಬೇಡಿಕೆಯನ್ನು ಪ್ರತಿ ಹಂಗಾಮಿನಲ್ಲೂ ನಾವು ಮನವಿಯಾಗಿ ಬರೆದು ಕೊಡುತ್ತೇವೆ, ತಾವು ಸ್ವೀಕರಿಸುತ್ತೀರಿ, ಮುಂದಿನ ಹಂಗಾಮಿಗೆ ಅದೇ ಮನವಿ ದಿನಾಂಕ ಬದಲಾಗಿ ಮತ್ತೆ ಸಿದ್ಧವಾಗುತ್ತದೆ. ನಾನು ಕೇಳಬೇಕೆಂದಿರುವುದು ಅದರ ಹಿಂದೆ ಇರುವ ಪ್ರಶ್ನೆಯನ್ನು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ಸಹಕಾರ ತತ್ವದ ಮೇಲೆ ಕಟ್ಟಿದ, ಹತ್ತು ಎಕರೆಯವನೂ ಅರ್ಧ ಎಕರೆಯವನೂ ಸರಿಸಮಾನರೆಂದು ಒಪ್ಪಿಕೊಂಡು ಆರಂಭವಾದ ಸಂಘಗಳಲ್ಲಿ, ಕೆಲವೇ ವರ್ಷಗಳಲ್ಲಿ ಮಾತನಾಡುವವರು ನಾಲ್ಕು ಜನ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುವವರು ಉಳಿದವರೆಲ್ಲ ಎಂಬ ಸ್ಥಿತಿ ಏಕೆ ಬರುತ್ತದೆ? ಅದು ಬಾರದಂತೆ ತಡೆಯುವ ದಾರಿಗಳನ್ನು ಬೇರೆ ಬೇರೆ ಸಮಾಜಗಳು ಹೇಗೆ ಕಂಡುಕೊಂಡಿವೆ, ಮತ್ತು ಅವುಗಳಲ್ಲಿ ಯಾವುದು ನಮ್ಮ ನಾಲೆಯ ಮೇಲೆ ನಡೆದೀತು?

ಸಮಾನತೆಯನ್ನು ಒಮ್ಮೆ ಘೋಷಿಸಿದರೆ ಅದು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಸಾರ್ವಜನಿಕ ಜೀವನದಲ್ಲಿ ಬೇರೂರಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಅದು ಸಂತೋಷದ ವಿಷಯವೇ. ಆದರೆ ಹುಟ್ಟಿನ ಮೇಲು–ಕೀಳನ್ನು ತೊರೆದು ಒಂದೆಡೆ ಕುಳಿತ ಶರಣರ ಪರಂಪರೆಯಲ್ಲೇ ಮುಂದಿನ ಶತಮಾನಗಳಲ್ಲಿ ಒಳಪಂಗಡಗಳು ಬೆಳೆದವು, ಆ ಒಳಪಂಗಡಗಳ ನಡುವೆ ಕೊಡು–ಕೊಳ್ಳುವಿಕೆಯ ಬೇಲಿಗಳೂ ಬೆಳೆದವು. ಇಂದು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಒಂದೊಂದು ಸಮುದಾಯಕ್ಕೂ ಒಂದೊಂದು ಗುರುಪೀಠವಿದೆ. ಆ ಪೀಠಗಳು ಕೆಳಗೆ ನೂಕಲ್ಪಟ್ಟವರಿಗೆ ದನಿ ಕೊಟ್ಟಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಂಟು ನೂರು ವರ್ಷಗಳಾದ ಮೇಲೂ ಅವುಗಳ ಅಗತ್ಯ ಉಳಿದಿದೆ ಎಂಬುದನ್ನಷ್ಟೇ ಗಮನಕ್ಕೆ ತರುತ್ತಿದ್ದೇನೆ. ಅಷ್ಟು ದೊಡ್ಡ ಚಳವಳಿಗೇ ಹೀಗಾಗಿರುವಾಗ, ಉಪನಾಲೆಯೊಂದರ ರೈತರ ಸಂಘ ಬರೀ ಬೈಲಾದ ಬಲದಿಂದ ಸಮಾನರ ಸಂಘವಾಗಿ ಉಳಿಯುತ್ತದೆಂದು ನಾವು ಹೇಗೆ ನಂಬಿದೆವು?

ನಮ್ಮಲ್ಲಿ ಮೇಲು–ಕೀಳು ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಲಕ್ಕವಳ್ಳಿಯ ಜಲಾಶಯ 186 ಅಡಿ ತುಂಬಿದಾಗ 71 ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ. ಸುಮಾರು ಒಂದು ಲಕ್ಷ ಹೆಕ್ಟೇರ್ ಅಚ್ಚುಕಟ್ಟು ಅದನ್ನು ನಂಬಿದೆ. ಎಲ್ಲಿ ಭತ್ತ, ಎಲ್ಲಿ ಅರೆನೀರಾವರಿ ಬೆಳೆ, ಎಲ್ಲಿ ತೋಟ ಎಂದು ಯೋಜನೆ ಮಾಡಿದವರು ಗೆರೆ ಎಳೆದಿದ್ದರು. ನೀರು ಮೊದಲು ಮುಟ್ಟುವ ಕಡೆ ಆ ಗೆರೆ ಬಹುಬೇಗ ಅಳಿಸಿಹೋಯಿತು: ಅರೆನೀರಾವರಿಯ ಹೊಲ ಗದ್ದೆಯಾಯಿತು, ಗದ್ದೆ ಅಡಿಕೆ ತೋಟವಾಯಿತು, ನಾಲೆಯ ದಂಡೆಗೆ ಪಂಪ್‌ಸೆಟ್ ಬಂದವು. ಹೆಚ್ಚು ನೀರು ಕಂಡವನಿಗೆ ಹೆಚ್ಚು ಆದಾಯ ಬಂತು, ಆದಾಯದಿಂದ ಕಚೇರಿಗೆ ಓಡಾಡುವ ಬಿಡುವು ಬಂತು, ಓಡಾಟದಿಂದ ಎಂಜಿನಿಯರ ಪರಿಚಯ ಬಂತು, ಪರಿಚಯ ಉಳ್ಳವನನ್ನೇ ನಿರ್ದೇಶಕನನ್ನಾಗಿ ಆರಿಸಿದರೆ ಅನುಕೂಲವೆಂದು ನಾವೇ ಕೈ ಎತ್ತಿದೆವು, ಮತ್ತು ಕೊನೆಗೆ ಸರದಿ ಪಟ್ಟಿಯನ್ನು ಬರೆಯುವ ಲೇಖನಿಯೂ ಅವನ ಕೈಗೇ ಹೋಯಿತು. ಇದರಲ್ಲಿ ಯಾವ ಹಂತದಲ್ಲೂ ದುಷ್ಟನೊಬ್ಬ ಬೇಕಾಗಲಿಲ್ಲ. ನೆಲದ ಇಳಿಜಾರು ತಾನಾಗಿ ಮನುಷ್ಯರ ನಡುವಿನ ಇಳಿಜಾರಾಯಿತು.

ಈ ಇಳಿಜಾರಿನಲ್ಲಿ ಎರಡೇ ಪಕ್ಷಗಳಿವೆ ಎಂದು ತಿಳಿಯುವುದು ಕೂಡ ತಪ್ಪಾಗುತ್ತದೆ. ಜಾತಿ ವ್ಯವಸ್ಥೆಯ ಗಟ್ಟಿತನಕ್ಕೆ ಬಾಬಾಸಾಹೇಬ್ ಅಂಬೇಡ್ಕರ್ ಕಂಡ ಕಾರಣ ಶ್ರೇಣೀಕೃತ ಅಸಮಾನತೆ. ಪ್ರತಿಯೊಬ್ಬರಿಗೂ ತಮಗಿಂತ ಕೆಳಗೆ ಯಾರೋ ಒಬ್ಬರು ಇರುವುದರಿಂದ ಇಡೀ ಏಣಿಯನ್ನು ಕೆಡವಲು ಯಾರೂ ಒಟ್ಟಾಗಿ ಮುಂದಾಗುವುದಿಲ್ಲ. ನಾಲೆಯ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಮಧ್ಯ ಭಾಗದವನು ಮೇಲ್ಭಾಗದವನ ಪಂಪ್‌ಸೆಟ್ ವಿರುದ್ಧ ಪ್ರತಿಭಟನೆಗೆ ಬರುತ್ತಾನೆ, ಊರಿಗೆ ಹಿಂದಿರುಗಿ ತನ್ನ ತೂಬನ್ನು ಸರದಿ ಮೀರಿ ತೆರೆದಿಡುತ್ತಾನೆ. ಕೊನೆ ಭಾಗದವರಾದ ನಾವು ಎಲ್ಲರಿಗಿಂತ ಕೆಳಗಿದ್ದೇವೆಂದು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆ ಅಚ್ಚುಕಟ್ಟಿನ ಆಚೆ ನಿಂತು ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಎಷ್ಟು ವರ್ಷಗಳಿಂದ ಕಾಯುತ್ತಿದೆ, 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಬಗ್ಗೆ ಅಲ್ಲಿಯ ರೈತರು ಎಷ್ಟು ಸಲ ಕೇಳಿದ್ದಾರೆ ಎಂಬುದು ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ.

ಮೇಲು–ಕೀಳು ಮನುಷ್ಯ ಸ್ವಭಾವದಲ್ಲೇ ಇದೆ, ಆದ್ದರಿಂದ ಮಾಡುವುದೇನೂ ಇಲ್ಲ ಎನ್ನುವ ವಾದ ಇಲ್ಲಿ ಎದುರಾಗುತ್ತದೆ. ಅದರ ಮೊದಲ ಅರ್ಧ ನಿಜವಿರಬಹುದು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಅನೇಕ ಸಮುದಾಯಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞರು ಕಂಡದ್ದೂ ಅದನ್ನೇ: ಅಲ್ಲಿಯೂ ಮೇಲೇರಬೇಕೆಂಬ ಆಸೆಯುಳ್ಳವರು ಹುಟ್ಟುತ್ತಿದ್ದರು, ಆದರೆ ಉಳಿದವರು ಒಟ್ಟಾಗಿ ಅವರನ್ನು ತಡೆಯುತ್ತಿದ್ದರು. ಆಫ್ರಿಕಾದ ಕಲಹಾರಿಯ ಕುಂಗ್ ಜನರ ನಡುವೆ 1960ರ ದಶಕದಲ್ಲಿ ಇದ್ದು ಬಂದ ರಿಚರ್ಡ್ ಲೀ, ತಾನು ಕೊಂಡು ಕೊಟ್ಟ ಕೊಬ್ಬಿದ ಎತ್ತನ್ನು ಅವರು ಮೂಳೆಯ ಗೂಡೆಂದು ಹೀಯಾಳಿಸಿದ್ದನ್ನೂ, ಎಷ್ಟು ದೊಡ್ಡ ಪ್ರಾಣಿಯನ್ನು ಹೊಡೆದು ತಂದ ಬೇಟೆಗಾರನಿಗೂ ಅದೇ ಹೀಯಾಳಿಕೆ ಕಾದಿರುತ್ತದೆಂಬುದನ್ನೂ ದಾಖಲಿಸಿದ್ದಾರೆ. ಯುವಕನೊಬ್ಬ ಬಹಳ ಮಾಂಸ ತಂದು ತಾನೇ ದೊಡ್ಡವನೆಂದುಕೊಂಡರೆ ನಾಳೆ ಅವನ ಅಹಂಕಾರ ಯಾರನ್ನಾದರೂ ಕೊಂದೀತು, ಆದ್ದರಿಂದ ಇಂದೇ ಅವನ ಮನಸ್ಸನ್ನು ತಣ್ಣಗೆ ಮಾಡಬೇಕು ಎಂಬುದು ಅವರು ಕೊಟ್ಟ ವಿವರಣೆ. ಬೇಟೆಯ ಮಾಂಸವನ್ನು ಹಂಚುವ ಹಕ್ಕು ಅಲ್ಲಿ ಬಾಣ ಬಿಟ್ಟವನದಲ್ಲ, ಬಾಣದ ಒಡೆಯನದು. ಬಾಣಗಳಾದರೋ ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತಲೇ ಇರುತ್ತಿದ್ದವು, ಹಾಗಾಗಿ ಬೇಟೆಗೆ ಹೋಗಲಾರದ ಮುದುಕನೂ ಹಂಚುವವನಾಗುತ್ತಿದ್ದ. ಕುಶಲಿಯ ಕೌಶಲವನ್ನು ಅವರು ಕಿತ್ತುಕೊಳ್ಳಲಿಲ್ಲ. ಕೌಶಲ ಅಧಿಕಾರವಾಗಿ ಹೆಪ್ಪುಗಟ್ಟುವ ದಾರಿಯನ್ನು ಮಾತ್ರ ಮುಚ್ಚಿದರು. ಹೊಗಳಿಕೆಯನ್ನು ಹೊನ್ನಶೂಲವೆಂದು ಕಂಡ ಶರಣರ ನಾಡಿನವರಿಗೆ ಇದು ಅಪರಿಚಿತ ಜ್ಞಾನವೇನಲ್ಲ. ಆದರೂ ನಮ್ಮ ಸಂಘಗಳ ವಾರ್ಷಿಕ ಮಹಾಸಭೆಯ ಅರ್ಧ ಹೊತ್ತು ಶಾಲು ಹೊದಿಸುವುದರಲ್ಲೂ ಹಾರ ಹಾಕುವುದರಲ್ಲೂ ಕಳೆಯುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವ ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ನೇಪಾಳದ ಅನೇಕ ಕಾಲುವೆಗಳನ್ನು ಹೋಲಿಸಿ ನೋಡಿದರು. ಕೆಲವನ್ನು ರೈತರೇ ಕಲ್ಲು, ಮಣ್ಣು, ಮರದ ಕೊಂಬೆಗಳಿಂದ ಕಟ್ಟಿ ತಾವೇ ನಡೆಸುತ್ತಿದ್ದರು. ಕೆಲವಕ್ಕೆ ಸರ್ಕಾರವೋ ವಿದೇಶಿ ನೆರವೋ ಗಟ್ಟಿ ಕಾಂಕ್ರೀಟ್ ಕಟ್ಟೆ ಒದಗಿಸಿತ್ತು. ಕಾಂಕ್ರೀಟ್ ಇದ್ದಲ್ಲಿ ನೀರು ಕೊನೆಯವರೆಗೆ ಚೆನ್ನಾಗಿ ಹೋಗಬೇಕೆಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ಬಹುಮಟ್ಟಿಗೆ ಅದರ ವಿರುದ್ಧ. ಮಣ್ಣಿನ ಕಟ್ಟೆ ಪ್ರತಿ ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿತ್ತು, ಅದನ್ನು ಮತ್ತೆ ಕಟ್ಟಲು ಮೇಲ್ಭಾಗದವರ ಕೈಗಳಷ್ಟೇ ಸಾಲುತ್ತಿರಲಿಲ್ಲ, ಕೊನೆ ಭಾಗದವರೂ ಬರಬೇಕಿತ್ತು. ನೀರು ಸಿಗದಿದ್ದರೆ ಅವರು ಬರುತ್ತಿರಲಿಲ್ಲ. ಕಟ್ಟೆ ಕಾಂಕ್ರೀಟಾದ ಮೇಲೆ ಮೇಲ್ಭಾಗದವರಿಗೆ ಕೆಳಗಿನವರ ಹಂಗು ಉಳಿಯಲಿಲ್ಲ, ಹಂಗು ಹೋದ ಮೇಲೆ ನೀರೂ ಇಳಿದು ಬರಲಿಲ್ಲ.

ನಮ್ಮ ನಾಲೆಗಳಲ್ಲಿ ಹೂಳು ತೆಗೆಯುವುದು, ಜಂಗಲ್ ಕಡಿಯುವುದು, ತೂಬು ದುರಸ್ತಿ ಎಲ್ಲವೂ ಟೆಂಡರ್ ಮೂಲಕ ನಡೆಯುತ್ತವೆ. ಗುತ್ತಿಗೆದಾರನ ಜೆಸಿಬಿ ಬರುತ್ತದೆ, ಬಿಲ್ಲಾಗುತ್ತದೆ. ಕೆಲಸ ಕಳಪೆಯೋ ಉತ್ತಮವೋ ಎಂಬುದು ಬೇರೆ ಚರ್ಚೆ. ಇದರಿಂದ ಆಗಿರುವ ಆಳವಾದ ನಷ್ಟವೆಂದರೆ, ಮೇಲಿನ ತೂಬಿನ ರೈತ ಕೆಳಗಿನ ತೂಬಿನ ರೈತನನ್ನು ಯಾವ ಕೆಲಸಕ್ಕೂ ಕರೆಯಬೇಕಾದ ಪ್ರಸಂಗವೇ ಇಲ್ಲದಂತಾಗಿರುವುದು. ಸಮಾನತೆ ಸಜ್ಜನಿಕೆಯ ಮೇಲೆ ನಿಂತಿಲ್ಲ. ಮೇಲಿರುವವನಿಗೆ ಕೆಳಗಿರುವವನಿಂದ ಆಗಬೇಕಾದದ್ದು ಏನಾದರೂ ಇದ್ದಾಗ ಮಾತ್ರ ಅದು ನಿಂತಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಊರುಗಳನ್ನು ಬಲ್ಲ ಯಾರಾದರೂ ನನ್ನನ್ನು ಪ್ರಶ್ನಿಸುತ್ತಾರೆ, ಪ್ರಶ್ನಿಸಬೇಕು. ಕೆರೆ ನೀರಾವರಿಯ ಕಾಲದಲ್ಲಿ ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಕರ್ನಾಟಕದ ಅನೇಕ ಕಡೆ ಆ ಕೆಲಸ ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಅವನ ಅಳತೆಯನ್ನು ಊರಿನ ಗೌಡನೂ ಒಪ್ಪಬೇಕಿತ್ತು, ಇಡೀ ಊರಿನ ಭತ್ತ ಅವನ ಗುದ್ದಲಿಯ ಮೇಲೆ ನಿಂತಿತ್ತು. ಆದರೆ ಅದೇ ಊರಿನ ಸೇದುವ ಬಾವಿಗೆ ಅವನು ಕೊಡ ಇಳಿಸುವಂತಿರಲಿಲ್ಲ. ಊರಿಗೆ ಅವನು ಬೇಕಾಗಿದ್ದನಲ್ಲ, ಆದರೂ ಅವನು ಸಮಾನನಾಗಲಿಲ್ಲವೇಕೆ? ನನಗೆ ತೋರುವ ಉತ್ತರ ಇದು: ಅವನು ಒಲ್ಲೆ ಎನ್ನುವಂತಿರಲಿಲ್ಲ. ನೇಪಾಳದ ಕೊನೆ ಭಾಗದ ರೈತ ಕಟ್ಟೆ ಕಟ್ಟಲು ಬರುವುದಿಲ್ಲವೆಂದು ಮನೆಯಲ್ಲಿ ಕುಳಿತರೆ ಅವನ ಮನೆಗೆ ಬೆಂಕಿ ಬೀಳುತ್ತಿರಲಿಲ್ಲ. ನಮ್ಮ ನೀರುಗಂಟಿಗೆ ಭೂಮಿ ಇರಲಿಲ್ಲ, ಅಥವಾ ಇದ್ದ ಚೂರು ಇನಾಮು ಆ ಕೆಲಸಕ್ಕೇ ಕಟ್ಟಿಹಾಕಿದ್ದಾಗಿತ್ತು, ಊರು ಬಿಟ್ಟು ಹೋದರೆ ಇನ್ನೊಂದು ಊರಿನಲ್ಲೂ ಅದೇ ಕೇರಿ ಕಾದಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯದ ಕಟ್ಟನ್ನು ಕಾನೂನಿನಲ್ಲಿ ಬಿಚ್ಚಿತು. ಹಾಗಾಗಿ ಮೇಲಿನವನಿಗೆ ಕೆಳಗಿನವನು ಬೇಕಾಗಿದ್ದರೆ ಸಾಲದು. ಕೆಳಗಿನವನಿಗೆ ಬೇಡವೆನ್ನುವ ಶಕ್ತಿಯೂ ಇರಬೇಕು. ಈ ಎರಡರಲ್ಲಿ ಒಂದೇ ಇದ್ದಾಗ ಅದರ ಹೆಸರು ಬಿಟ್ಟಿ ಚಾಕರಿ.

ಇಂದಿನ ಸೌಡಿಗಳ ಸ್ಥಿತಿಯನ್ನೂ ಈ ಕಣ್ಣಿನಿಂದ ನೋಡುವಂತೆ ಪ್ರಾಧಿಕಾರವನ್ನು ಕೋರುತ್ತೇನೆ. ರಾತ್ರಿ ನಾಲೆ ಕಾಯುವ, ತೂಬು ಮುಚ್ಚಲು ಹೋಗಿ ಬೈಗುಳ ತಿನ್ನುವ ಈ ಜನ ಬಹುಪಾಲು ದಿನಗೂಲಿಯವರು. ಸಂಬಳ ಸಮಯಕ್ಕೆ ಬಾರದೆ ಅವರೇ ಮುಷ್ಕರ ಕೂರುವುದುಂಟು. ಯಾರ ತೂಬನ್ನು ಮುಚ್ಚಬೇಕೋ ಅವರ ಕೈಯಿಂದಲೇ ಹಬ್ಬದ ಖರ್ಚಿಗೆ ನೂರಿನ್ನೂರು ಪಡೆಯಬೇಕಾದವನಿಂದ ನಿಷ್ಪಕ್ಷಪಾತವನ್ನು ಬಯಸುವುದು ಅನ್ಯಾಯ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರ ಶಿಕ್ಷೆಯನ್ನು ಹೆಚ್ಚಿಸಲಾಗಿದೆ. ಆ ಕಾಯ್ದೆ ನಾಲೆಯ ದಂಡೆಗೆ ಬಂದು ತಲುಪುವುದು ಈ ದಿನಗೂಲಿಯವನ ಕಾಲಿನ ಮೇಲೆಯೇ.

ಜಾತಿ ಸಂಘದ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೆ ಉಳಿಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಅಂದಿನ ಸಂಸದರನ್ನು, ಅವರು ಪರಿಶಿಷ್ಟ ಜಾತಿಯವರೆಂಬ ಕಾರಣಕ್ಕೆ, ಅದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಹಟ್ಟಿಯೊಂದರ ಹೊರಗೇ ತಡೆದು ನಿಲ್ಲಿಸಿದ್ದನ್ನು ಇಡೀ ದೇಶ ನೋಡಿತು. ಲಕ್ಷಾಂತರ ಮತ ಪಡೆದು ಗೆದ್ದವರಿಗೇ ಹೀಗಾದರೆ, ಮೀಸಲು ಸ್ಥಾನದಿಂದ ಸಂಘದ ನಿರ್ದೇಶಕನಾದವನು ಸಭೆಯಲ್ಲಿ ಎದ್ದು ನಿಂತು ದೊಡ್ಡ ಹಿಡುವಳಿದಾರನ ತೂಬಿನ ಲೆಕ್ಕ ಕೇಳುತ್ತಾನೆಂದು ನಿರೀಕ್ಷಿಸುವುದು ಹೇಗೆ? ಇಲ್ಲಿ ಸಣ್ಣದೆಂದು ಕಾಣುವ ಸಂಗತಿಗಳೇ ದೊಡ್ಡವು. ಸಭೆ ಯಾರ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ, ಯಾವ ದೇವಸ್ಥಾನದ ಒಳಾಂಗಣದಲ್ಲಿ ನಡೆಯುತ್ತದೆ, ಅಲ್ಲಿಗೆ ಎಲ್ಲ ಸದಸ್ಯರೂ ಕಾಲಿಡುವಂತಿದೆಯೇ, ಯಾರಿಗೆ ಕುರ್ಚಿ, ಯಾರಿಗೆ ಜಮಖಾನೆ, ಚಹಾ ಯಾವ ಲೋಟದಲ್ಲಿ ಬರುತ್ತದೆ, ಯಾರನ್ನು ಬಹುವಚನದಲ್ಲಿ, ಯಾರನ್ನು ಏಕವಚನದಲ್ಲಿ ಕರೆಯಲಾಗುತ್ತದೆ ಎಂಬುದು ಸಭೆ ಆರಂಭವಾಗುವ ಮೊದಲೇ ಅದರ ತೀರ್ಮಾನವನ್ನು ಬರೆದಿಟ್ಟಿರುತ್ತದೆ. ಬಾಲಿ ದ್ವೀಪದಲ್ಲಿ ಭತ್ತದ ಗದ್ದೆಗಳಿಗೆ ನೀರು ಹಂಚುವ ಸುಬಕ್ ಎಂಬ ರೈತ ಸಂಘಗಳಿವೆ. ಅಲ್ಲಿಯ ಸಮಾಜದಲ್ಲಿಯೂ ಜಾತಿಭೇದವಿದೆ, ಮಾತಿನಲ್ಲೇ ಮೇಲಿನವರಿಗೊಂದು, ಕೆಳಗಿನವರಿಗೊಂದು ಬಗೆಯಿದೆ. ಆದರೆ ಸುಬಕ್ ಸಭೆಯಲ್ಲಿ ಎಲ್ಲರೂ ಗದ್ದೆಯುಳ್ಳವರೆಂಬ ಒಂದೇ ನೆಲೆಯಲ್ಲಿ ಕೂರುತ್ತಾರೆ, ಹುಟ್ಟಿನ ದೊಡ್ಡಸ್ತಿಕೆಗೆ ಅಲ್ಲಿ ಹೆಚ್ಚಿನ ದನಿಯಿಲ್ಲ. ಸಭೆಯ ಹೊರಗೆ ಬಾಲಿ ಬದಲಾಗಿಲ್ಲದಿರಬಹುದು. ಆದರೂ ಸಭೆಯ ಒಳಗೆ ಒಂದು ಬೇರೆ ನಿಯಮವನ್ನು ಶತಮಾನಗಳ ಕಾಲ ಕಾಪಾಡಿಕೊಳ್ಳಬಹುದೆಂಬುದಕ್ಕೆ ಅದು ಸಾಕ್ಷಿ. ಸಂಘಗಳ ಸಭೆ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಮಾತ್ರ ನಡೆಯಬೇಕು, ಎಲ್ಲರೂ ಒಂದೇ ಬಗೆಯ ಆಸನದಲ್ಲಿ ಕೂರಬೇಕು ಎಂದು ಒಂದು ಸುತ್ತೋಲೆ ಹೊರಡಿಸುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಇನ್ನು ಅವಿರೋಧ ಆಯ್ಕೆಯ ವಿಚಾರ. ನಮ್ಮ ಜಿಲ್ಲೆಯಲ್ಲಿ ಸಹಕಾರ ಸಂಘವೊಂದರ ಆಡಳಿತ ಮಂಡಳಿ ಅವಿರೋಧವಾಗಿ ಆಯ್ಕೆಯಾದರೆ ಅದನ್ನು ಊರಿನ ಒಗ್ಗಟ್ಟಿನ ಗುರುತೆಂದು ಪತ್ರಿಕೆಯಲ್ಲಿ ಫೋಟೊ ಸಹಿತ ಪ್ರಕಟಿಸುತ್ತಾರೆ. ಕೆಲವೊಮ್ಮೆ ಅದು ನಿಜವಾದ ಒಗ್ಗಟ್ಟೇ ಇರಬಹುದು. ಬಹಳಷ್ಟು ಸಲ ಅದು ಹಿಂದಿನ ರಾತ್ರಿ ಐದಾರು ಜನ ಕುಳಿತು ಮುಗಿಸಿದ ಮಾತು. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಕೂಗಿ, ಆ ಹಣವನ್ನು ದೇವಸ್ಥಾನಕ್ಕೆ ಕೊಟ್ಟು, ಅದಕ್ಕೂ ಅವಿರೋಧವೆಂದೇ ಕರೆದರು. ಅಮೆರಿಕದ ಸ್ತ್ರೀ ವಿಮೋಚನಾ ಚಳವಳಿಯಲ್ಲಿದ್ದ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ತಮ್ಮ ಗೆಳತಿಯರನ್ನು ಎಚ್ಚರಿಸಿದ್ದೂ ಇದೇ ಬಗೆಯ ಅಪಾಯದ ಬಗ್ಗೆ: ನಮ್ಮಲ್ಲಿ ನಾಯಕರೂ ಇಲ್ಲ, ನಿಯಮವೂ ಇಲ್ಲ, ಎಲ್ಲರೂ ಸಮಾನರು ಎಂದು ಹೇಳಿಕೊಳ್ಳುವ ಗುಂಪಿನಲ್ಲಿ ಅಧಿಕಾರ ಇಲ್ಲವಾಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ, ಕಾಣದ ಅಧಿಕಾರವನ್ನು ಕೆಳಗಿಳಿಸುವ ದಾರಿ ಯಾರಿಗೂ ಇರುವುದಿಲ್ಲ. ಒಗ್ಗಟ್ಟಿನ ಹೆಸರಿನಲ್ಲಿ ಮತಪೆಟ್ಟಿಗೆಯನ್ನು ತಪ್ಪಿಸುವುದಕ್ಕಿಂತ, ಐದು ವರ್ಷಕ್ಕೊಮ್ಮೆ ಜಗಳವಾಡಿ ಮತ ಹಾಕುವುದು ಕೊನೆ ಭಾಗದವನಿಗೆ ಹೆಚ್ಚು ಕ್ಷೇಮ.

ಮತದಾನದಿಂದಲೂ ಎಲ್ಲ ಸರಿಹೋಗುವುದಿಲ್ಲ, ಏಕೆಂದರೆ ಪರಿಚಯ ಉಳ್ಳವನು, ಹಣ ಉಳ್ಳವನು ಮತದಿಂದಲೂ ಗೆಲ್ಲುತ್ತಾನೆ. ಇದನ್ನು ಬಲ್ಲ ಹಳೆಯ ಅಥೆನ್ಸಿನವರು ತಮ್ಮ ಐನೂರು ಜನರ ಮಂಡಳಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಒಂದು ವರ್ಷದ ಅವಧಿ, ಬಾಳಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ದಂಡನಾಯಕರನ್ನು ಮಾತ್ರ ಅವರು ಮತದಿಂದ ಆರಿಸಿ, ಸಮರ್ಥರಾದರೆ ಮತ್ತೆ ಮತ್ತೆ ಮುಂದುವರಿಸುತ್ತಿದ್ದರು. ಎಲ್ಲಿ ಕೌಶಲ ಬೇಕು, ಎಲ್ಲಿ ನಂಬಿಕೆ ಸಾಕು ಎಂಬ ವಿವೇಚನೆ ಅಲ್ಲಿತ್ತು. ನಮ್ಮ ನೆರೆಯ ತಮಿಳುನಾಡಿನ ಉತ್ತಿರಮೇರೂರಿನ ಶಾಸನಗಳು ಇನ್ನೂ ಹತ್ತಿರದವು. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಚೋಳರ ಪರಾಂತಕನ ಕಾಲದಲ್ಲಿ, ಅಲ್ಲಿಯ ಸಭೆ ಕೆರೆಯ ಸಮಿತಿಗೂ ತೋಟದ ಸಮಿತಿಗೂ ಸದಸ್ಯರನ್ನು ಆರಿಸುವಾಗ ಓಲೆಗಳ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಏನೂ ಅರಿಯದ ಬಾಲಕನೊಬ್ಬನಿಂದ ಎತ್ತಿಸುತ್ತಿತ್ತು. ಒಮ್ಮೆ ಸಮಿತಿಯಲ್ಲಿದ್ದವರಿಗೆ ಮುಂದಿನ ಮೂರು ವರ್ಷ ಅವಕಾಶವಿಲ್ಲ. ಲೆಕ್ಕ ಒಪ್ಪಿಸದೆ ಹೋದವರಿಗೂ ಅವರ ಹತ್ತಿರದ ನೆಂಟರಿಗೂ ಮಡಕೆಯಲ್ಲಿ ಓಲೆಯೇ ಇಲ್ಲ. ಈ ಕೊನೆಯ ನಿಯಮವನ್ನು ಓದಿದಾಗಲೆಲ್ಲ, ಇದನ್ನು ಬರೆದವರು ನಮ್ಮ ಸಹಕಾರ ಕ್ಷೇತ್ರವನ್ನು ಬಹಳ ಚೆನ್ನಾಗಿ ಬಲ್ಲವರಾಗಿದ್ದರು ಎನಿಸುತ್ತದೆ. ಆದರೆ ಎರಡು ಕಡೆಯ ಮಡಕೆಯ ಒಳಗೂ ಯಾರ ಹೆಸರಿತ್ತೆಂದು ಕೇಳದೆ ಹೊಗಳುವುದು ಬೇಡ. ಅಥೆನ್ಸಿನಲ್ಲಿ ಹೆಂಗಸರಿಗೂ ಗುಲಾಮರಿಗೂ ಸ್ಥಾನವಿರಲಿಲ್ಲ. ಉತ್ತಿರಮೇರೂರಿನಲ್ಲಿ ತೆರಿಗೆ ಕಟ್ಟುವ ಭೂಮಿ, ಸ್ವಂತ ಮನೆ, ವೇದದ ಓದು ಇದ್ದ ಬ್ರಾಹ್ಮಣ ಗಂಡಸರಿಗಷ್ಟೇ ಓಲೆ. ಒಳಗಿದ್ದವರ ನಡುವಿನ ಸಮಾನತೆ ಅಚ್ಚುಕಟ್ಟಾಗಿತ್ತು, ಬೇಲಿ ಮಾತ್ರ ಬಹಳ ಎತ್ತರವಾಗಿತ್ತು.

ನಮ್ಮ ಬೇಲಿ ಪಹಣಿ. ಪಹಣಿಯಲ್ಲಿ ಹೆಸರಿದ್ದವರೇ ಸಾಮಾನ್ಯವಾಗಿ ಸಂಘದ ಸದಸ್ಯರು. ನಾಟಿ ಮಾಡುವವರು, ಕಳೆ ಕೀಳುವವರು ಬಹುತೇಕ ಹೆಂಗಸರು; ಪಹಣಿಯಲ್ಲಿ ಅವರ ಹೆಸರು ವಿರಳ. ಭೂಮಿಯ ಒಡೆಯ ದಾವಣಗೆರೆಯ ವಿದ್ಯಾನಗರದಲ್ಲೋ ಬೆಂಗಳೂರಿನಲ್ಲೋ ಇದ್ದು, ಗದ್ದೆಯನ್ನು ಪಾಲಿಗೋ ಗುತ್ತಿಗೆಗೋ ಮಾಡುವವನು ರಾತ್ರಿಯೆಲ್ಲ ಬ್ಯಾಟರಿ ಹಿಡಿದು ನೀರು ಕಾಯುತ್ತಾನೆ; ಸಭೆಯ ನೋಟಿಸು ಬರುವುದು ಮಾತ್ರ ಒಡೆಯನ ಹೆಸರಿಗೆ. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ 1972ರ ಬರಗಾಲದ ನಂತರ ವಿಲಾಸರಾವ್ ಸಾಳುಂಖೆ ಅವರು ಕಟ್ಟಿದ ಪಾಣಿ ಪಂಚಾಯತ್ ಈ ಬೇಲಿಯನ್ನೇ ಕಿತ್ತು ನೋಡಿದ ಪ್ರಯೋಗ. ಅಲ್ಲಿ ನೀರಿನ ಹಕ್ಕು ಎಕರೆಗಲ್ಲ, ತಲೆಗೆ: ಮನೆಯ ಒಬ್ಬೊಬ್ಬರಿಗೆ ಅರ್ಧ ಎಕರೆಗಾಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗಾಗುವಷ್ಟು. ಭೂಮಿ ಇಲ್ಲದವರಿಗೂ ಪಾಲಿತ್ತು, ಕಬ್ಬು ಬೆಳೆಯುವಂತಿರಲಿಲ್ಲ, ಭೂಮಿ ಮಾರಿದರೆ ನೀರಿನ ಹಕ್ಕು ಅದರ ಹಿಂದೆ ಹೋಗುತ್ತಿರಲಿಲ್ಲ. ಭದ್ರೆಯಂಥ ದೊಡ್ಡ ಯೋಜನೆಯಲ್ಲಿ ಇದನ್ನು ಹಾಗೆಯೇ ತರಲಾಗದು ಎಂಬುದು ನನಗೂ ಗೊತ್ತು. ಆದರೆ ಗುತ್ತಿಗೆ ರೈತರಿಗೂ, ಹೊಲದಲ್ಲಿ ದುಡಿಯುವ ಮನೆಯ ಹೆಂಗಸರಿಗೂ ಸಭೆಯಲ್ಲಿ ಕೂರುವ, ಮಾತನಾಡುವ, ಸರದಿ ಪಟ್ಟಿಗೆ ಆಕ್ಷೇಪ ಸಲ್ಲಿಸುವ ಹಕ್ಕು ಕೊಡಲು ಯಾವ ಅಣೆಕಟ್ಟನ್ನೂ ಎತ್ತರಿಸಬೇಕಾಗಿಲ್ಲ. ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಗಂಡನೇ ಅಧ್ಯಕ್ಷನಾಗುವ ಕಥೆ ಇಲ್ಲಿಯೂ ನಡೆಯಬಹುದು ಎನ್ನುವವರಿಗೆ, ನಡೆಯುತ್ತದೆ, ಆದರೂ ಎರಡನೆಯ ಅವಧಿಗೆ ಬಂದ ಹೆಣ್ಣುಮಕ್ಕಳು ಗಂಡನನ್ನು ಮನೆಯಲ್ಲೇ ಬಿಟ್ಟು ಬಂದದ್ದನ್ನೂ ನಾವು ನೋಡಿದ್ದೇವೆ ಎಂದು ಉತ್ತರಿಸುತ್ತೇನೆ.

ಬರಗಾಲದ ವರ್ಷಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಸಮಾನತೆಯ ನಿಜವಾದ ಪರೀಕ್ಷೆ ಆಗಲೇ ಆಗುವುದು. 2023ರಲ್ಲಿ ಮಳೆ ಕೈಕೊಟ್ಟು, ಬಲದಂಡೆ ನಾಲೆಗೆ ನೀರು ಹರಿಸುವ ದಿನಗಳ ಲೆಕ್ಕ ನಡುವೆಯೇ ಬದಲಾದಾಗ ದಾವಣಗೆರೆಯ ರೈತರು ಬೀದಿಗಿಳಿದರು. ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸುವ ಆನ್–ಆಫ್ ಪದ್ಧತಿ ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ನಾಲೆ ಖಾಲಿಯಾಗಿ ಮತ್ತೆ ತುಂಬುವಾಗ ಮೊದಲ ದಿನಗಳ ನೀರು ಮೇಲ್ಭಾಗಕ್ಕೇ ಹೋಗುವುದರಿಂದ, ನಮ್ಮವರೆಗೆ ನೀರು ಮುಟ್ಟುವ ಹೊತ್ತಿಗೆ ಆಫ್ ಆಗುವ ದಿನ ಬಂದಿರುತ್ತದೆ. ಶ್ರೀಲಂಕಾದ ಕೆರೆಗಳ ಕೆಳಗೆ 'ಬೇತ್ಮ' ಎಂಬ ಹಳೆಯ ಪದ್ಧತಿಯಿದೆ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ, ಇಡೀ ಅಚ್ಚುಕಟ್ಟಿಗೆ ಹರಿಸಿ ಎಲ್ಲರ ಬೆಳೆಯನ್ನೂ ಒಣಗಿಸುವ ಬದಲು, ಕೆರೆಗೆ ಹತ್ತಿರದ ಒಂದು ಭಾಗವನ್ನಷ್ಟೇ ಆ ಹಂಗಾಮಿಗೆ ಸಾಗು ಮಾಡಲು ಊರು ತೀರ್ಮಾನಿಸುತ್ತದೆ, ಮತ್ತು ಆ ಭಾಗವನ್ನು ಅದರ ಒಡೆಯರಿಗಷ್ಟೇ ಬಿಡದೆ, ಕೊನೆಯಲ್ಲಿ ಗದ್ದೆಯಿರುವವರೂ ಸೇರಿದಂತೆ ಎಲ್ಲರಿಗೂ ತಾತ್ಕಾಲಿಕವಾಗಿ ಹಂಚಿಕೊಡುತ್ತದೆ. ಮಳೆ ಬಂದ ಮೇಲೆ ಅವರವರ ಭೂಮಿ ಅವರವರಿಗೆ. ನಮ್ಮಲ್ಲಿ ಅಡಿಕೆ ತೋಟವಾಗಿರುವ ನೆಲವನ್ನು ಹೀಗೆ ಹಂಚಲಾಗದು. ಭತ್ತದ ನೆಲದಲ್ಲಿ, ಬೇಸಿಗೆ ಹಂಗಾಮಿನಲ್ಲಿ, ಒಂದೇ ಉಪನಾಲೆಯ ಒಳಗೆ ಇದನ್ನು ಏಕೆ ಪ್ರಯತ್ನಿಸಬಾರದು ಎಂಬುದಕ್ಕೆ ನನಗೆ ಒಳ್ಳೆಯ ಕಾರಣ ಇನ್ನೂ ಯಾರೂ ಕೊಟ್ಟಿಲ್ಲ. ಅದು ಕಷ್ಟವೆನಿಸಿದರೆ, ಕನಿಷ್ಠ ಬರಗಾಲದ ವರ್ಷ ಸರದಿಯನ್ನು ಕೊನೆಯಿಂದ ಆರಂಭಿಸಬಹುದು.

ಅಧಿಕಾರದ ಇನ್ನೊಂದು ಬೇರು ತಿಳಿವಳಿಕೆಯಲ್ಲಿದೆ. ಉಪನಾಲೆಯ ಬಾಯಿಯಲ್ಲಿ ಈ ದಿನ ಗೇಜ್, ಅಂದರೆ ನೀರಿನ ಮಟ್ಟದ ಅಳತೆ, ಎಷ್ಟಿದೆ, ಎಷ್ಟಿರಬೇಕಿತ್ತು ಎಂಬುದು ಸಂಘದ ಕಾರ್ಯದರ್ಶಿಗೂ ಎಂಜಿನಿಯರಿಗೂ ಮಾತ್ರ ಗೊತ್ತಿದ್ದರೆ, ಉಳಿದವರ ದೂರು ಬರೀ ಗೊಣಗಾಟವಾಗಿ ಉಳಿಯುತ್ತದೆ. ನಿತ್ಯದ ಗೇಜನ್ನು ಪ್ರತಿ ಉಪನಾಲೆಯ ಆರಂಭದಲ್ಲೂ ಕೊನೆಯಲ್ಲೂ ಹಲಗೆಯ ಮೇಲೆ ಬರೆಸಿ, ಅದೇ ಅಂಕಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿ. ಅಂಕಿಯನ್ನು ಓದಿ ಬರೆಯುವವರು ತಿಂಗಳಿಗೊಮ್ಮೆ ಬದಲಾಗಲಿ, ಮೇಲ್ಭಾಗದ ಗೇಜನ್ನು ಕೊನೆ ಭಾಗದವರೂ ಕೊನೆ ಭಾಗದ್ದನ್ನು ಮೇಲ್ಭಾಗದವರೂ ಓದಲಿ. ದೂರುಗಳ ವಿಚಾರಣೆಗೂ ಇದೇ ಬೆಳಕು ಬೇಕು. ಸ್ಪೇನಿನ ವಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಥೆಡ್ರಲಿನ ಬಾಗಿಲಲ್ಲಿ, ರೈತರೇ ಆರಿಸಿದ ರೈತರು ನ್ಯಾಯಪೀಠವಾಗಿ ಕುಳಿತು, ಕಾಲುವೆಯ ಜಗಳಗಳನ್ನು ಎಲ್ಲರ ಎದುರು, ಬಾಯಿಮಾತಿನಲ್ಲೇ, ವಕೀಲರಿಲ್ಲದೆ ತೀರ್ಮಾನಿಸುತ್ತಾರೆ. ಶತಮಾನಗಳಿಂದ ಅದು ನಡೆದು ಬಂದಿದೆ. ನಮ್ಮ ದೂರುಗಳು ಸೌಡಿಯಿಂದ ಎಂಜಿನಿಯರಿಗೆ, ಅಲ್ಲಿಂದ ಯಾವುದಾದರೂ ಮುಖಂಡರ ಮನೆಗೆ ಹೋಗುತ್ತವೆ. ಮನೆಗೆ ಹೋದ ದೂರು ತೀರ್ಮಾನವಾದರೂ ದೂರಿದವನು ಋಣಿಯಾಗಿ ಹೊರಗೆ ಬರುತ್ತಾನೆ.

ಇಷ್ಟೆಲ್ಲ ನಿಯಮಗಳಿಂದ ಕೆಲಸ ನಿಧಾನವಾಗುತ್ತದೆ, ಅನುಭವಸ್ಥರನ್ನು ಕಳೆದುಕೊಳ್ಳುತ್ತೇವೆ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಹತ್ತು ವರ್ಷ ನಾಲೆ ತಿರುಗಿದ ನಿರ್ದೇಶಕನಿಗೆ ತಿಳಿದಿರುವುದು ಚೀಟಿಯಲ್ಲಿ ಬಂದವನಿಗೆ ತಿಳಿದಿರುವುದಿಲ್ಲ. ಅವನನ್ನು ಸಲಹೆಗಾರನಾಗಿ ಕೂರಿಸಿಕೊಳ್ಳಿ, ಕೇಳಿ, ಗೌರವಿಸಿ. ಸರದಿ ಬರೆಯುವ ಅಧಿಕಾರವನ್ನು ಮಾತ್ರ ಎರಡು ಅವಧಿಯ ನಂತರ ಅವನಲ್ಲಿ ಉಳಿಸಬೇಡಿ. ನಿಧಾನದ ಬಗ್ಗೆ ಹೇಳುವುದಾದರೆ, ಕೊನೆ ಭಾಗದವರಿಗೆ ಈಗಿನ ವ್ಯವಸ್ಥೆ ವೇಗವಾಗಿದೆ ಎಂದು ಎಂದೂ ಅನಿಸಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಮುಂದಿನ ಹಂಗಾಮಿನ ನೀರಿನ ಬಗ್ಗೆ ಸಲಹಾ ಸಮಿತಿ ಸೇರುವ ಮೊದಲು, ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳಲ್ಲಿ ಒಪ್ಪುವ ಒಂದೊಂದು ಉಪನಾಲೆಯ ಸಂಘವನ್ನು ಆರಿಸಿಕೊಳ್ಳಿ. ಅಲ್ಲಿ ಹೂಳೆತ್ತುವ ಕೆಲಸವನ್ನು ಟೆಂಡರಿಗೆ ಹಾಕದೆ, ಅದರ ಹಣವನ್ನು ಸಂಘಕ್ಕೇ ಕೊಟ್ಟು, ಮೇಲಿನ ಮೈಲಿಗಳ ಕೆಲಸವನ್ನು ಕೊನೆ ಭಾಗದವರಿಗೆ ಕೂಲಿ ಸಹಿತ ವಹಿಸಿ, ನಿಗದಿತ ಗೇಜಿನ ನೀರು ಬಾರದಿದ್ದರೆ ಕೆಲಸ ನಿಲ್ಲಿಸುವ ಹಕ್ಕನ್ನು ಅವರಿಗೆ ಬರಹದಲ್ಲಿ ಕೊಡಿ. ಸರದಿ ಬರೆಯುವ ಮೂವರನ್ನು ಎಲ್ಲ ತೂಬುಗಳ ಹೆಸರಿನಿಂದ, ಗುತ್ತಿಗೆ ರೈತರನ್ನೂ ಸೇರಿಸಿ, ಚೀಟಿ ಎತ್ತಿ ಆರಿಸಿ. ಸೌಡಿಗಳ ಕೂಲಿ ಪ್ರತಿ ತಿಂಗಳ ಮೊದಲ ವಾರದಲ್ಲಿ ಅವರ ಖಾತೆಗೆ ಹೋಗುವಂತೆ ನೋಡಿಕೊಳ್ಳಿ. ಎರಡು ಹಂಗಾಮು ನಡೆಸಿದ ಮೇಲೆ ಆರಂಭದ ಮತ್ತು ಕೊನೆಯ ಗೇಜಿನ ಅಂಕಿಗಳನ್ನು ಪಕ್ಕದ ಉಪನಾಲೆಯ ಅಂಕಿಗಳೊಂದಿಗೆ ಇಟ್ಟು, ಪತ್ರಿಕೆಗಳಲ್ಲಿ ಪ್ರಕಟಿಸಿ. ಈ ಪತ್ರಕ್ಕೆ ಉತ್ತರವನ್ನು ನನಗೆ ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ. ಸಲಹಾ ಸಮಿತಿಯ ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕೊನೆ ಭಾಗದ ಒಬ್ಬ ರೈತ, ನಿವೃತ್ತ ಶಿಕ್ಷಕ
ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ